ನೋಡುವ ಯಂತ್ರ, ನುಡಿಯುವ ಯಂತ್ರ

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬುದು ನಮ್ಮ ಹಿರಿಯರ ಮಾತು. ನಾವೇ ಕಣ್ಣಾರೆ ಕಂಡುದನ್ನು ಒರೆಗೆ ಹಚ್ಚಬೇಕಾದರೆ, ಇನ್ನೊಬ್ಬರು ಕಂಡು ಹೇಳಿದುದನ್ನು ಎಷ್ಟು ಸಲ ಹಚ್ಚಬೇಕು! ಅದರಲ್ಲಿಯೂ ಕಂಡವರು ಒಬ್ಬರು, ಹೇಳುವವರು ಮತ್ತೊಬ್ಬರು ಆದರಂತೂ ಕೇಳುವುದೇ ಬೇಡ.

ಇಂದು ಇಂಥದೇ ಒಂದು ಪರಿಸ್ಥಿತಿ ಯಂತ್ರಗಳ ಲೋಕದಲ್ಲಿ ಒದಗಿದೆ. ಚಿತ್ರವನ್ನು ನೋಡಿ ಇದು ಇಂಥದು ಎಂದು ವಿಂಗಡಿಸುವ ಯಂತ್ರಗಳು ಬಂದಿವೆ. ಕಣ್ಣಿನ ಒಳಪದರದ ಚಿತ್ರ ನೋಡಿ ಸಕ್ಕರೆ ಕಾಯಿಲೆಯಿಂದಾದ ಹಾನಿಯನ್ನು ಗುರುತಿಸುವುದು, ಎದೆಯ ಎಕ್ಸ್‌ರೇ ನೋಡಿ ನ್ಯುಮೋನಿಯಾ ಇದೆ ಅಥವಾ ಇಲ್ಲ ಎನ್ನುವುದು ಅವುಗಳ ಕೆಲಸ. ಆದರೆ ಅವು ತೀರ್ಪು ಕೊಡುತ್ತವೆಯೇ ಹೊರತು ಕಾರಣ ಕೊಡುವುದಿಲ್ಲ. ಆ ಕಾರಣವನ್ನು ಹೇಳಿಸುವುದಕ್ಕಾಗಿ ವಿಜ್ಞಾನಿಗಳು ಮಾತು ಬಲ್ಲ ಇನ್ನೊಂದು ಯಂತ್ರವನ್ನು ಅವುಗಳ ಪಕ್ಕದಲ್ಲಿ ತಂದು ನಿಲ್ಲಿಸಿದ್ದಾರೆ. ಈ ಜೋಡಿಯ ಚರಿತ್ರೆ ಹತ್ತು ವರ್ಷಗಳಿಗಿಂತ ಸ್ವಲ್ಪ ಹೆಚ್ಚಿನದು, ಅಷ್ಟೆ. ಆದರೆ ಅದರ ಪಾಠ ನೂರು ವರ್ಷಕ್ಕೂ ಹಳೆಯದು. ಆ ಪಾಠವನ್ನು ಕಲಿಸಿದ್ದು ಯಂತ್ರವಲ್ಲ, ಒಂದು ಕುದುರೆ.

ಬರ್ಲಿನ್ನಿನ ಹಾನ್ಸ್

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬರ್ಲಿನ್ ನಗರದಲ್ಲಿ ವಿಲ್ಹೆಲ್ಮ್ ಫಾನ್ ಆಸ್ಟೆನ್ ಎಂಬ ನಿವೃತ್ತ ಉಪಾಧ್ಯಾಯರಿದ್ದರು. ಅವರು ಹಾನ್ಸ್ ಎಂಬ ತಮ್ಮ ಕುದುರೆಗೆ ಮಕ್ಕಳಿಗೆ ಹೇಳುವಂತೆ ಪಾಠ ಹೇಳಿದರು. ಲೆಕ್ಕ ಕೇಳಿದರೆ ಹಾನ್ಸ್ ಗೊರಸಿನಿಂದ ನೆಲವನ್ನು ತಟ್ಟಿ ಉತ್ತರ ಕೊಡುತ್ತಿತ್ತು. ಸರಿಯಾದ ಸಂಖ್ಯೆಗೆ ಬಂದೊಡನೆ ನಿಲ್ಲುತ್ತಿತ್ತು. ಯಜಮಾನರು ಎದುರಿಗೆ ಇಲ್ಲದಿದ್ದರೂ, ಪರಕೀಯರು ಕೇಳಿದರೂ ಉತ್ತರ ತಪ್ಪುತ್ತಿರಲಿಲ್ಲ. ೧೯೦೪ರಲ್ಲಿ ಮನೋವಿಜ್ಞಾನಿ ಕಾರ್ಲ್ ಸ್ಟುಂಫ್ ಅವರ ಮುಂದಾಳ್ತನದಲ್ಲಿ ಒಂದು ಸಮಿತಿಯೇ ನೇಮಕವಾಗಿ, ಇಲ್ಲಿ ಮೋಸವೇನೂ ಇಲ್ಲವೆಂದು ಹೇಳಿತು.

ಮೋಸ ಇರಲಿಲ್ಲವೆಂಬುದು ನಿಜ. ಆದರೆ ಗಣಿತವೂ ಇರಲಿಲ್ಲ. ಸ್ಟುಂಫರ ಶಿಷ್ಯ ಆಸ್ಕರ್ ಫುಂಗ್ಸ್ಟ್ ಒಂದು ಸರಳವಾದ ಉಪಾಯ ಮಾಡಿದರು. ಪ್ರಶ್ನೆ ಕೇಳುವವನಿಗೇ ಉತ್ತರ ತಿಳಿಯದಂತೆ ಏರ್ಪಾಡು ಮಾಡಿದರು. ಹಾನ್ಸನ ಜಾಣತನ ಅಲ್ಲಿಗೆ ಮುಗಿಯಿತು! ಕೇಳುವವನನ್ನು ಕುದುರೆಯ ಕಣ್ಣಿಗೆ ಬೀಳದಂತೆ ಮರೆ ಮಾಡಿದಾಗಲೂ ಹಾಗೆಯೇ ಆಯಿತು. ನಿಜಸಂಗತಿ ಇಷ್ಟೇ: ಪ್ರಶ್ನೆ ಕೇಳಿದವನು ಗೊರಸನ್ನು ನೋಡಲು ತುಸು ಬಾಗುತ್ತಿದ್ದ, ಸರಿಯುತ್ತರ ಬಂದಾಗ ತನಗೇ ಅರಿವಿಲ್ಲದೆ ತಲೆಯನ್ನು ಕೂದಲೆಳೆಯಷ್ಟು ಎತ್ತುತ್ತಿದ್ದ. ಹಾನ್ಸ್ ನೋಡುತ್ತಿದ್ದುದು ಅದನ್ನೇ. ಫುಂಗ್ಸ್ಟ್ ೧೯೦೭ರಲ್ಲಿ ಇದನ್ನೆಲ್ಲ ಗ್ರಂಥರೂಪದಲ್ಲಿ ಪ್ರಕಟಿಸಿದರು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಉತ್ತರ ಸರಿಯಾಗಿದ್ದ ಮಾತ್ರಕ್ಕೆ ಉತ್ತರದ ಹಿಂದಿನ ಕಾರಣ ಸರಿಯಾಗಿರಬೇಕೆಂದಿಲ್ಲ. ಆ ಕಾರಣವನ್ನು ತಿಳಿಯಲು ಕುದುರೆಯನ್ನು ಕೇಳಿ ಪ್ರಯೋಜನವಿಲ್ಲ, ಯಜಮಾನನನ್ನು ಕೇಳಿಯೂ ಪ್ರಯೋಜನವಿಲ್ಲ. ಸನ್ನಿವೇಶದಲ್ಲಿ ಒಂದೊಂದನ್ನೇ ಬದಲಿಸಿ, ಉತ್ತರ ಬದಲಾಗುವುದೇ ಎಂದು ನೋಡಬೇಕು.

ಎರಡು ಬಗೆಯ ಯಂತ್ರಗಳು

ನೋಡುವ ಯಂತ್ರವನ್ನು ಕಟ್ಟುವ ಪ್ರಯತ್ನ ೧೯೫೮ರಷ್ಟು ಹಿಂದಿನದು. ಆ ವರ್ಷ ಅಮೆರಿಕದ ಫ್ರಾಂಕ್ ರೋಸೆನ್‌ಬ್ಲಾಟ್ ತಮ್ಮ 'ಪರ್ಸೆಪ್ಟ್ರಾನ್' ಕಲ್ಪನೆಯನ್ನು ಪ್ರಕಟಿಸಿದರು. ಅದರ ಮೊದಲ ಯಂತ್ರದ ಕಣ್ಣು ೪೦೦ ಬೆಳಕಿನ ಕೋಶಗಳಿಂದಾಗಿತ್ತು. ಅದಕ್ಕೆ ನಿಯಮಗಳನ್ನು ಯಾರೂ ಹೇಳಿಕೊಡುತ್ತಿರಲಿಲ್ಲ. ಉದಾಹರಣೆಗಳನ್ನು ತೋರಿಸಿ, ತಪ್ಪಿದಾಗ ಒಳಗಿನ ತೂಕಗಳನ್ನು ಅಷ್ಟಿಷ್ಟು ತಿದ್ದುತ್ತ ಹೋಗುವುದೇ ಅದರ ವಿದ್ಯಾಭ್ಯಾಸ. ಇಂದಿನ ಕೃತಕ ನರಜಾಲಗಳ ಮೂಲಪುರುಷ ಇದು.

೧೯೭೦ರ ದಶಕದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಬೇರೊಂದು ಬಗೆಯ ಗಣಕ ಹುಟ್ಟಿತು. ಎಡ್ವರ್ಡ್ ಶಾರ್ಟ್‌ಲಿಫ್ ಮತ್ತು ಸಂಗಡಿಗರು ರೂಪಿಸಿದ 'ಮೈಸಿನ್' ರಕ್ತದ ಸೋಂಕಿಗೆ ಯಾವ ಔಷಧ ಕೊಡಬೇಕೆಂದು ಸಲಹೆ ಮಾಡುತ್ತಿತ್ತು. ಅದರಲ್ಲಿದ್ದುದು ವೈದ್ಯರಿಂದ ಕೇಳಿ ಬರೆದುಕೊಂಡ ನೂರಾರು ಸೂತ್ರಗಳು. ಹೀಗಿದ್ದರೆ ಹೀಗೆ ಎಂಬ ಮಾದರಿಯವು. ಏಕೆ ಎಂದು ವೈದ್ಯರು ಕೇಳಿದರೆ ಮೈಸಿನ್ ತಾನು ಬಳಸಿದ ಸೂತ್ರವನ್ನೇ ಎತ್ತಿ ತೋರಿಸುತ್ತಿತ್ತು. ಅದರ ಆಲೋಚನೆಯೂ ವಿವರಣೆಯೂ ಒಂದೇ ಬಟ್ಟೆಯ ಎರಡು ಮಗ್ಗುಲು.

ಚಿತ್ರ ನೋಡುವ ಕೆಲಸಕ್ಕೆ ಸೂತ್ರಗಳ ದಾರಿ ಹತ್ತಲಿಲ್ಲ. ಬೆಕ್ಕು ಎಂದರೇನು ಎಂಬುದನ್ನು ಸೂತ್ರದಲ್ಲಿ ಬರೆಯಬಲ್ಲವರು ಯಾರು? ಕೊನೆಗೆ ಗೆದ್ದುದು ನರಜಾಲವೇ. ೨೦೧೨ರಲ್ಲಿ ಟೊರಾಂಟೊ ವಿಶ್ವವಿದ್ಯಾನಿಲಯದ ಅಲೆಕ್ಸ್ ಕ್ರಿಜೆವ್‌ಸ್ಕಿ, ಇಲ್ಯಾ ಸುಟ್ಸ್‌ಕೆವರ್ ಮತ್ತು ಜೆಫ್ರಿ ಹಿಂಟನ್ ತಮ್ಮ ನರಜಾಲವನ್ನು 'ಇಮೇಜ್‌ನೆಟ್' ಸ್ಪರ್ಧೆಗೆ ತಂದರು. ಸುಮಾರು ಹನ್ನೆರಡು ಲಕ್ಷ ಚಿತ್ರಗಳಿಂದ ಕಲಿತು, ಹೊಸ ಚಿತ್ರಗಳನ್ನು ಸಾವಿರ ವರ್ಗಗಳಲ್ಲಿ ಹಂಚಬೇಕಾದ ಸ್ಪರ್ಧೆ ಅದು. ಪ್ರತಿ ಚಿತ್ರಕ್ಕೂ ಐದು ಊಹೆಗಳಿಗೆ ಅವಕಾಶವಿತ್ತು. ಎರಡನೆಯ ಸ್ಥಾನ ಪಡೆದವರ ತಪ್ಪು ಶೇಕಡಾ ೨೬.೨ ಇದ್ದರೆ ಇವರದು ೧೫.೩. ಆದರೆ ಆ ಜಾಲದ ಜ್ಞಾನವೆಲ್ಲ ಅಡಗಿದ್ದುದು ಆರು ಕೋಟಿ ಅಂಕಿಗಳಲ್ಲಿ. ಏಕೆ ಎಂದು ಕೇಳಿದರೆ ತೋರಿಸಲು ಅದರ ಬಳಿ ಸೂತ್ರವಿಲ್ಲ. ಅಂಕಿಗಳ ರಾಶಿ ಮಾತ್ರ. ಹೀಗೆ ಯಂತ್ರಕ್ಕೆ ಕಣ್ಣು ಬಂತು, ಬಾಯಿ ಹೋಯಿತು.

ತೋಳ, ಹಿಮ, ಮತ್ತೆ ಕುದುರೆ

ಬಾಯಿಲ್ಲದ ಯಂತ್ರದ ಮನಸ್ಸನ್ನು ತಿಳಿಯುವ ಮೊದಲ ಉಪಾಯಗಳು ಚಿತ್ರದ ಮೂಲಕವೇ ಬಂದವು. ತೀರ್ಪಿಗೆ ಕಾರಣವಾದ ಭಾಗವನ್ನು ಚಿತ್ರದ ಮೇಲೆ ಬಣ್ಣ ಹಚ್ಚಿ ತೋರಿಸುವುದು ಒಂದು ರೀತಿ. ಚಿತ್ರದ ತುಣುಕುಗಳನ್ನು ಮುಚ್ಚಿ ತೀರ್ಪು ಎಷ್ಟು ಕದಲುತ್ತದೆಂದು ಅಳೆಯುವುದು ಇನ್ನೊಂದು ರೀತಿ.

೨೦೧೬ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಮಾರ್ಕೊ ಟುಲಿಯೊ ರಿಬೇರೊ, ಸಮೀರ್ ಸಿಂಗ್ ಮತ್ತು ಕಾರ್ಲೋಸ್ ಗೆಸ್ಟ್ರಿನ್ ಒಂದು ಪರೀಕ್ಷೆ ನಡೆಸಿದರು. ತೋಳವನ್ನೂ ಹಸ್ಕಿ ಎಂಬ ಜಾತಿಯ ನಾಯಿಯನ್ನೂ ಬೇರೆ ಮಾಡುವ ಯಂತ್ರವೊಂದನ್ನು ಬೇಕೆಂದೇ ಕೆಡಿಸಿ ತಯಾರಿಸಿದರು. ಅದಕ್ಕೆ ಪಾಠಕ್ಕೆಂದು ಕೊಟ್ಟ ತೋಳದ ಚಿತ್ರಗಳಲ್ಲೆಲ್ಲ ಹಿಮವಿತ್ತು. ನಾಯಿಯ ಚಿತ್ರಗಳಲ್ಲಿ ಇರಲಿಲ್ಲ. ಯಂತ್ರ ಕಲಿತದ್ದು ತೋಳವನ್ನಲ್ಲ, ಹಿಮವನ್ನು. ಅದರ ತೀರ್ಪುಗಳನ್ನು ೨೭ ವಿದ್ಯಾರ್ಥಿಗಳಿಗೆ ತೋರಿಸಿದಾಗ ಹತ್ತು ಮಂದಿ ಈ ಯಂತ್ರವನ್ನು ನಂಬಬಹುದೆಂದರು. ತೀರ್ಪಿಗೆ ಕಾರಣವಾದ ಭಾಗಗಳನ್ನು ತೋರಿಸಿದ ಮೇಲೆ ನಂಬಿದವರು ಮೂವರು ಮಾತ್ರ. ಸರಿಯಾದ ವಿವರಣೆಯ ಬೆಲೆ ಎಷ್ಟೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಬರ್ಲಿನ್ನಿನ ಕುದುರೆಯೂ ಹಿಂತಿರುಗಿ ಬಂತು! ೨೦೧೯ರಲ್ಲಿ ಅದೇ ನಗರದ ಸೆಬಾಸ್ಟಿಯನ್ ಲಾಪುಶ್ಕಿನ್ ಮತ್ತು ಸಂಗಡಿಗರು ಪ್ರಕಟಿಸಿದ ಲೇಖನದ ಶೀರ್ಷಿಕೆಯಲ್ಲೇ ಹಾನ್ಸನ ಹೆಸರಿದೆ. ಕುದುರೆಯ ಚಿತ್ರಗಳನ್ನು ಚೆನ್ನಾಗಿ ಗುರುತಿಸುತ್ತಿದ್ದ ಒಂದು ಯಂತ್ರವನ್ನು ಅವರು ಬಗೆದು ನೋಡಿದರು. ಪಾಠದ ಚಿತ್ರಸಂಗ್ರಹದಲ್ಲಿ ಕುದುರೆಯ ಚಿತ್ರಗಳ ಸುಮಾರು ಐದರಲ್ಲೊಂದು ಪಾಲಿನಲ್ಲಿ, ಚಿತ್ರದ ಮೂಲವನ್ನು ಸೂಚಿಸುವ ಅಕ್ಷರಗಳು ಕೆಳಗಡೆ ಇದ್ದವು. ಯಂತ್ರ ನೋಡುತ್ತಿದ್ದುದು ಆ ಅಕ್ಷರಗಳನ್ನು. ಅವನ್ನು ಅಳಿಸಿದರೆ ಕುದುರೆ ಅದಕ್ಕೆ ಕುದುರೆಯಾಗಿ ಕಾಣುತ್ತಿರಲಿಲ್ಲ. ಮೋಟಾರು ಕಾರಿನ ಚಿತ್ರದ ಮೇಲೆ ಅಂಟಿಸಿದರೆ ಕಾರೇ ಕುದುರೆಯಾಗುತ್ತಿತ್ತು. ಫುಂಗ್ಸ್ಟರ ವಿಧಾನವೇ ಇದು. ಒಂದನ್ನು ಬದಲಿಸು, ಉತ್ತರ ಬದಲಾಯಿತೇ ನೋಡು.

ಇದು ಕೇವಲ ಕುದುರೆ ನಾಯಿಗಳ ವಿನೋದವಲ್ಲ. ೨೦೧೮ರಲ್ಲಿ ಅಮೆರಿಕದ ಸಂಶೋಧಕರು ಎದೆಯ ಎಕ್ಸ್‌ರೇಯಲ್ಲಿ ನ್ಯುಮೋನಿಯಾ ಹುಡುಕುವ ನರಜಾಲಗಳನ್ನು ಪರೀಕ್ಷಿಸಿದಾಗ, ಅವು ಚಿತ್ರ ಯಾವ ಆಸ್ಪತ್ರೆಯದೆಂಬುದನ್ನು ಹೆಚ್ಚುಕಡಿಮೆ ತಪ್ಪಿಲ್ಲದೆ ಗುರುತಿಸಬಲ್ಲವೆಂದು ತಿಳಿಯಿತು. ಎಡಬಲ ಸೂಚಿಸಲು ತಂತ್ರಜ್ಞರು ಚಿತ್ರದ ಮೂಲೆಯಲ್ಲಿಡುವ ಲೋಹದ ಬಿಲ್ಲೆ ಕೂಡ ಅವಕ್ಕೆ ಸುಳಿವಾಗಿತ್ತು. ರೋಗ ಹೆಚ್ಚಾಗಿರುವ ಆಸ್ಪತ್ರೆಯ ಗುರುತು ಸಿಕ್ಕಿದರೆ ಶ್ವಾಸಕೋಶವನ್ನು ನೋಡುವ ತೊಂದರೆ ಏಕೆ?

ಬಣ್ಣ ಹಚ್ಚುವ ಉಪಾಯಗಳಿಗೂ ಒಂದು ಮಿತಿ ಇತ್ತು. ಇಲ್ಲಿ ನೋಡಿದೆ ಎಂದು ಅವು ಬೆರಳು ತೋರಿಸುತ್ತವೆ. ಅಲ್ಲಿ ಏನನ್ನು ಕಂಡೆ ಎಂದು ಹೇಳಲಾರವು. ೨೦೧೮ರಲ್ಲಿ ಜೂಲಿಯಸ್ ಅಡೆಬಾಯೊ ಮತ್ತಿತರರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಯಂತ್ರ ಕಲಿತುದನ್ನೆಲ್ಲ ಅಳಿಸಿ ಮನಬಂದ ಅಂಕಿಗಳನ್ನು ತುಂಬಿದರೂ ಕೆಲವು ಉಪಾಯಗಳು ಹೆಚ್ಚುಕಡಿಮೆ ಮೊದಲಿನ ಬಣ್ಣಗಳನ್ನೇ ತೋರಿಸುತ್ತವೆಂದು ಸಿದ್ಧಪಡಿಸಿದರು. ಹಾಗಾದರೆ ಮಾತಿನಲ್ಲೇ ಹೇಳಿಸಿದರೆ ಹೇಗೆ?

ದುಭಾಷಿಯ ಪ್ರವೇಶ

೨೦೧೬ರಲ್ಲಿಯೇ ಬರ್ಕ್ಲಿಯ ಲೀಸಾ ಆನ್ ಹೆಂಡ್ರಿಕ್ಸ್ ಮತ್ತು ಸಂಗಡಿಗರು ಈ ದಾರಿಯನ್ನು ತೆರೆದಿದ್ದರು. ಅವರ ಯಂತ್ರ ಹಕ್ಕಿಯ ಜಾತಿಯನ್ನು ಗುರುತಿಸುವುದರ ಜೊತೆಗೆ, ಕೊಕ್ಕು ಹೀಗಿದೆ, ಎದೆ ಹಾಗಿದೆ, ಆದುದರಿಂದ ಇದು ಇಂಥ ಹಕ್ಕಿ ಎಂದು ವಾಕ್ಯ ಹೇಳುತ್ತಿತ್ತು. ಜನರು ಹಕ್ಕಿಗಳನ್ನು ವರ್ಣಿಸಿ ಬರೆದ ವಾಕ್ಯಗಳಿಂದ ಅದು ಮಾತು ಕಲಿತಿತ್ತು. ಒಂದು ಪ್ರಾಮಾಣಿಕ ಭೇದವನ್ನು ಆ ಲೇಖಕರೇ ಅಂದು ಮಾಡಿದರು. ಯಂತ್ರದ ಒಳಗೆ ನಿಜವಾಗಿ ನಡೆದುದನ್ನು ಹೇಳುವುದು ಒಂದು. ತೀರ್ಪನ್ನು ಕೇಳುವವನಿಗೆ ಒಪ್ಪುವಂತೆ ಸಮರ್ಥಿಸುವುದು ಮತ್ತೊಂದು. ತಮ್ಮದು ಎರಡನೆಯದು ಎಂದರು. ಇಂಥ ಯಂತ್ರ ಆ ಜಾತಿಯ ಹಕ್ಕಿಗೆ ಸಾಮಾನ್ಯವಾಗಿರುವ, ಆದರೆ ಎದುರಿಗಿರುವ ಚಿತ್ರದಲ್ಲಿ ಇಲ್ಲದ ಗುಣಗಳನ್ನೂ ಹೇಳಿಬಿಡಬಹುದು. ಅದನ್ನು ತಡೆಯಲು, ಹೇಳಿದ ಗುಣ ಚಿತ್ರದಲ್ಲಿ ಇದೆಯೇ ಎಂದು ಹುಡುಕಿ ನೋಡುವ ಏರ್ಪಾಡನ್ನು ೨೦೧೮ರಲ್ಲಿ ಅವರೇ ಸೇರಿಸಿದರು.

ಹೊರನಾಡಿನಲ್ಲಿ ನೆಲೆಸಿದ ನಮಗೆ ಇದು ಅಪರಿಚಿತವಾದ ಪ್ರಸಂಗವಲ್ಲ. ಊರಿನಿಂದ ಬಂದ ವೃದ್ಧರನ್ನು ಇಲ್ಲಿಯ ವೈದ್ಯರ ಬಳಿಗೆ ಕರೆದೊಯ್ದಾಗ ನಡುವೆ ದುಭಾಷಿಯಾಗಿ ನಿಲ್ಲುವವರು ನಾವೇ, ಇಲ್ಲವೆ ನಮ್ಮ ಮಕ್ಕಳೇ. ಅಜ್ಜ ಹೇಳಿದ್ದು ಅರ್ಧ, ಮೊಮ್ಮಗ ಹೇಳಿದ್ದು ಒಂದೂವರೆ! ಮೊಮ್ಮಗನಿಗೆ ಮೋಸದ ಉದ್ದೇಶವಿಲ್ಲ. ವಾಕ್ಯ ಪೂರ್ತಿಯಾಗಬೇಕು, ಅರ್ಥ ಹೊಂದಬೇಕು ಎಂಬ ಆತುರ, ಅಷ್ಟೆ. ಭಾಷೆ ಬಲ್ಲವನಿಗೆ ಖಾಲಿ ಜಾಗ ಕಂಡರೆ ತುಂಬುವ ಚಪಲ.

ಈ ಚಪಲ ಮನುಷ್ಯನ ಮೆದುಳಿನಲ್ಲಿಯೇ ಇದೆ ಎಂಬುದಕ್ಕೆ ಪ್ರಸಿದ್ಧವಾದ ಒಂದು ನಿದರ್ಶನವುಂಟು. ೧೯೭೦ರ ದಶಕದಲ್ಲಿ ಮೈಕೆಲ್ ಗಜಾನಿಗ ಮತ್ತು ಜೋಸೆಫ್ ಲೆಡೂ ಅವರು, ಅಪಸ್ಮಾರದ ಚಿಕಿತ್ಸೆಗಾಗಿ ಮೆದುಳಿನ ಎರಡು ಭಾಗಗಳ ಸಂಪರ್ಕ ಕಡಿದಿದ್ದ ರೋಗಿಯೊಬ್ಬನನ್ನು ಪರೀಕ್ಷಿಸಿದರು. ಮಾತನಾಡುವ ಎಡಭಾಗಕ್ಕೆ ಕೋಳಿಯ ಕಾಲನ್ನೂ, ಮಾತಿಲ್ಲದ ಬಲಭಾಗಕ್ಕೆ ಹಿಮ ಬಿದ್ದ ಮನೆಯ ನೋಟವನ್ನೂ ತೋರಿಸಿದರು. ಒಂದು ಕೈ ಕೋಳಿಯ ಚಿತ್ರವನ್ನು ಆರಿಸಿತು. ಇನ್ನೊಂದು ಕೈ ಹಿಮ ತೆಗೆಯುವ ಸಲಿಕೆಯನ್ನು. ಸಲಿಕೆ ಏಕೆ ಎಂದು ಕೇಳಿದಾಗ, ಹಿಮವನ್ನು ಕಾಣದಿದ್ದ ಎಡಭಾಗ ತಡವರಿಸಲಿಲ್ಲ. ಕೋಳಿಗೂಡನ್ನು ಗುಡಿಸಲು ಸಲಿಕೆ ಬೇಕಲ್ಲ ಎಂದಿತು! ನೋಡಿದ್ದು ಒಂದು ಭಾಗ, ಕಾರಣ ಹೇಳಿದ್ದು ಮತ್ತೊಂದು. ಕಾರಣ ಸುಸಂಬದ್ಧವಾಗಿತ್ತು, ಸುಳ್ಳೂ ಆಗಿತ್ತು.

ಭಾಷಾ ಮಾದರಿಗಳ ಕಾಲ

೨೦೨೦ರ ಸುಮಾರಿಗೆ ದುಭಾಷಿಯ ಶಕ್ತಿ ಬಹುಪಾಲು ಹೆಚ್ಚಿತು. ಅಪಾರವಾದ ಬರಹವನ್ನು ಓದಿ, ಒಂದು ಪದದ ಮುಂದೆ ಯಾವ ಪದ ಬಂದೀತೆಂದು ಊಹಿಸುತ್ತ ಮಾತು ಕಲಿತ ಯಂತ್ರಗಳು ಬಂದವು. ಇವಕ್ಕೆ ಭಾಷಾ ಮಾದರಿಗಳೆಂದು ಹೆಸರು. ೨೦೨೧ರ ಜನವರಿಯಲ್ಲಿ ಓಪನ್‌ಎಐ ಸಂಸ್ಥೆ 'ಕ್ಲಿಪ್' ಎಂಬ ಯಂತ್ರವನ್ನು ಪ್ರಕಟಿಸಿತು. ನಲವತ್ತು ಕೋಟಿ ಚಿತ್ರಗಳನ್ನು ಅವುಗಳ ಜೊತೆಗಿದ್ದ ಬರಹದೊಡನೆ ಹೊಂದಿಸಿ ಕಲಿತ ಈ ಯಂತ್ರ, ಯಾವುದೇ ಚಿತ್ರ ಯಾವುದೇ ವಾಕ್ಯಕ್ಕೆ ಎಷ್ಟು ಹೊಂದುತ್ತದೆಂದು ಅಳೆಯಬಲ್ಲುದು.

೨೦೨೨ರಲ್ಲಿ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯದ ಸಚಿತ್ ಮೆನನ್ ಮತ್ತು ಕಾರ್ಲ್ ವಾಂಡ್ರಿಕ್ ಈ ಎರಡನ್ನೂ ಜೋಡಿಸಿದರು. ಕೋಳಿಯನ್ನು ಚಿತ್ರದಲ್ಲಿ ಗುರುತಿಸುವುದು ಹೇಗೆಂದು ಮೊದಲು ಭಾಷಾ ಮಾದರಿಯನ್ನು ಕೇಳುವುದು. ಎರಡು ಕಾಲು, ಕೊಕ್ಕು, ಕೆಂಪು ಅಥವಾ ಕಂದು ಗರಿ ಎಂದು ಅದು ಪಟ್ಟಿ ಕೊಡುತ್ತದೆ. ಪ್ರತಿಯೊಂದು ಗುಣವೂ ಚಿತ್ರದಲ್ಲಿ ಎಷ್ಟು ಇದೆಯೆಂದು ಕ್ಲಿಪ್ ಅಳೆಯುತ್ತದೆ. ಆ ಅಳತೆಗಳನ್ನು ಕೂಡಿಸಿಯೇ ತೀರ್ಪು. ಆದುದರಿಂದ ಕಾರಣ ಕೇಳಿದರೆ ಅಳತೆಗಳನ್ನು ಹಾಗೆಯೇ ಮುಂದಿಡಬಹುದು. ಮೈಸಿನ್‌ನ ಕಾಲ ಮರಳಿ ಬಂದಂತಾಯಿತು. ತೀರ್ಪೂ ಕಾರಣವೂ ಮತ್ತೆ ಒಂದಾದಂತೆ ತೋರಿತು.

ಆದರೆ ೨೦೨೩ರಲ್ಲಿ ಜರ್ಮನಿಯ ಟ್ಯೂಬಿಂಗನ್ನಿನ ಕಾರ್ಸ್ಟೆನ್ ರೋಥ್ ಮತ್ತು ಸಂಗಡಿಗರು ಒಂದು ತುಂಟ ಪರೀಕ್ಷೆ ಮಾಡಿದರು. ಭಾಷಾ ಮಾದರಿ ಕೊಟ್ಟ ಅಂದವಾದ ಗುಣವರ್ಣನೆಗಳ ಜಾಗದಲ್ಲಿ ಅರ್ಥವಿಲ್ಲದ ಅಕ್ಷರಗಳನ್ನೂ ಸಂಬಂಧವಿಲ್ಲದ ಪದಗಳನ್ನೂ ತುಂಬಿದರು. ಯಂತ್ರದ ಜಾಣತನ ಹೆಚ್ಚುಕಡಿಮೆ ಅಷ್ಟೇ ಉಳಿಯಿತು! ಎಂದರೆ, ಕೊಕ್ಕು ಗರಿಗಳ ಮಾತಿನಿಂದಲೇ ಲಾಭವಾಯಿತೆಂಬ ನಂಬಿಕೆ ಅಲುಗಾಡಿತು. ಕುದುರೆಯ ಮುಂದಿನಿಂದ ಕರಿಹಲಗೆಯನ್ನು ತೆಗೆದರೂ ಅದು ಲೆಕ್ಕ ಮಾಡಿದಂತೆ!

ಅದೇ ವರ್ಷ ಮೈಲ್ಸ್ ಟರ್ಪಿನ್ ಮತ್ತಿತರರು ಭಾಷಾ ಮಾದರಿಗಳು ತಮ್ಮ ಉತ್ತರಗಳಿಗೇ ಕೊಡುವ ಕಾರಣಗಳನ್ನು ಒರೆಗೆ ಹಚ್ಚಿದರು. ಮಾದರಿಗೆಂದು ತೋರಿಸಿದ ಪ್ರಶ್ನೆಗಳಲ್ಲೆಲ್ಲ ಸರಿಯುತ್ತರ ಮೊದಲನೆಯ ಆಯ್ಕೆಯಾಗಿಯೇ ಬರುವಂತೆ ಮಾಡಿದಾಗ, ಯಂತ್ರವೂ ಮೊದಲನೆಯ ಆಯ್ಕೆಯ ಕಡೆಗೇ ವಾಲಿತು. ಆದರೆ ಅದು ಬರೆದ ಸಾವಧಾನದ ತರ್ಕದಲ್ಲಿ ಆ ವಾಲುವಿಕೆಯ ಸುಳಿವೇ ಇರಲಿಲ್ಲ. ತನ್ನ ಬಗೆಗೇ ಹೀಗೆ ಹೇಳುವ ದುಭಾಷಿ, ಪಕ್ಕದವನ ಬಗೆಗೆ ಹೇಳುವುದನ್ನು ಎಷ್ಟು ನಂಬಬೇಕು?

ಪರೀಕ್ಷಕನಾದ ದುಭಾಷಿ

ಹಾಗೆಂದು ದುಭಾಷಿಯನ್ನು ಹೊರಗೆ ಕಳಿಸಬೇಕಿಲ್ಲ. ಅವನಿಗೆ ಬೇರೆ ಕೆಲಸ ಕೊಡಬೇಕು. ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯವರು ಮಾಡಿದ್ದು ಇದನ್ನೇ. ೨೦೨೨ರಲ್ಲಿ ಅವರು ಪ್ರಕಟಿಸಿದ 'ಮಿಲನ್' ಎಂಬ ವಿಧಾನ ನರಜಾಲದ ಒಂದೊಂದು ಕೋಶವೂ ಯಾವುದಕ್ಕೆ ಸ್ಪಂದಿಸುತ್ತದೆಂದು ಮಾತಿನಲ್ಲಿ ಬರೆಯಿತು. ಆ ಬರಹದ ಸಹಾಯದಿಂದ, ಚಿತ್ರದ ಮೇಲಿನ ಅಕ್ಷರಗಳಿಗೆ ಸ್ಪಂದಿಸುವ ಕೋಶಗಳನ್ನು ಹುಡುಕಿ ಸುಮ್ಮನಿರಿಸಿದಾಗ, ಅಕ್ಷರಗಳ ಸುಳಿವನ್ನು ನಂಬಿ ಕೆಟ್ಟಿದ್ದ ಯಂತ್ರ ಸುಧಾರಿಸಿತು. ಇಲ್ಲಿ ವಿವರಣೆ ಬರಿಯ ಮಾತಲ್ಲ. ತಿದ್ದುಪಡಿ ಮಾಡಿ ನೋಡಿದ ಮಾತು.

೨೦೨೪ರಲ್ಲಿ ಅದೇ ಸಂಸ್ಥೆಯವರು 'ಮಾಯಾ' ಎಂಬ ಇನ್ನೊಂದು ಏರ್ಪಾಡನ್ನು ಮುಂದಿಟ್ಟರು. ಇದರಲ್ಲಿ ಭಾಷಾ ಮಾದರಿಯೇ ಫುಂಗ್ಸ್ಟರ ಪಾತ್ರ ವಹಿಸುತ್ತದೆ. ಈ ಕೋಶ ಇಂಥದಕ್ಕೆ ಸ್ಪಂದಿಸಬಹುದೆಂದು ಊಹಿಸುತ್ತದೆ. ಊಹೆಗೆ ತಕ್ಕ ಹೊಸ ಚಿತ್ರ ತಯಾರಿಸುತ್ತದೆ. ಚಿತ್ರದಲ್ಲಿ ಒಂದು ವಸ್ತುವನ್ನು ಬದಲಿಸುತ್ತದೆ. ಫಲವನ್ನು ನೋಡಿ ಊಹೆಯನ್ನು ತಿದ್ದಿಕೊಳ್ಳುತ್ತದೆ. ಆದರೂ ಅದು ತನ್ನ ಮೊದಲ ಊಹೆಗೆ ಅಂಟಿಕೊಂಡು, ಅದಕ್ಕೆ ಅನುಕೂಲವಾದುದನ್ನೇ ಕಾಣುವುದುಂಟೆಂದು ಅದನ್ನು ಕಟ್ಟಿದವರೇ ಎಚ್ಚರಿಸಿದ್ದಾರೆ. ಫಾನ್ ಆಸ್ಟೆನ್ನರ ದೌರ್ಬಲ್ಯವೂ ಇದೇ ಆಗಿತ್ತಲ್ಲವೇ!

ಇನ್ನೊಂದು ಮಿತಿ ಇದಕ್ಕಿಂತ ಆಳವಾದುದು. ೨೦೧೬ರಲ್ಲಿ ಗೂಗಲ್‌ನ ಸಂಶೋಧಕರು ೧,೨೮,೧೭೫ ಕಣ್ಣಿನ ಚಿತ್ರಗಳಿಂದ, ಸಕ್ಕರೆ ಕಾಯಿಲೆಯ ಹಾನಿಯನ್ನು ಗುರುತಿಸುವ ನರಜಾಲವನ್ನು ತಯಾರಿಸಿದರು. ಅಮೆರಿಕದ ಚಿತ್ರಗಳ ಜೊತೆಗೆ ಅರವಿಂದ ಕಣ್ಣಾಸ್ಪತ್ರೆ, ಚೆನ್ನೈಯ ಶಂಕರ ನೇತ್ರಾಲಯ ಮತ್ತು ಬೆಂಗಳೂರಿನ ನಾರಾಯಣ ನೇತ್ರಾಲಯದ ಚಿತ್ರಗಳೂ ಅದರಲ್ಲಿದ್ದವು. ನಮ್ಮ ನಾಡಿನವರ ಕಣ್ಣುಗಳಿಂದಲೂ ಯಂತ್ರ ಪಾಠ ಕಲಿಯಿತೆನ್ನಬಹುದು. ಎರಡು ವರ್ಷಗಳ ತರುವಾಯ, ಇಂಥ ಕಣ್ಣಿನ ಚಿತ್ರದಿಂದ ಅದು ಗಂಡಸಿನದೋ ಹೆಂಗಸಿನದೋ ಎಂಬುದನ್ನೂ ನರಜಾಲ ಬಹುಮಟ್ಟಿಗೆ ಸರಿಯಾಗಿ ಹೇಳಬಲ್ಲುದೆಂದು ಗೂಗಲ್‌ನವರೇ ತೋರಿಸಿದರು. ನುರಿತ ನೇತ್ರವೈದ್ಯರಿಗೂ ಅಂಥ ಗುರುತು ಅಲ್ಲಿದೆಯೆಂದು ತಿಳಿದಿರಲಿಲ್ಲ; ಅದಕ್ಕೆ ಹೆಸರನ್ನು ಯಾರೂ ಇಟ್ಟಿರಲಿಲ್ಲ. ಭಾಷಾ ಮಾದರಿ ಬಲ್ಲುದು ಮನುಷ್ಯರು ಬರೆದ ಮಾತುಗಳನ್ನು. ಮನುಷ್ಯರು ಹೆಸರಿಡದಿರುವುದನ್ನು ನೋಡುವ ಯಂತ್ರ ಕಂಡಿದ್ದರೆ, ನುಡಿಯುವ ಯಂತ್ರ ತನಗೆ ಗೊತ್ತಿರುವ ಹೆಸರುಗಳಲ್ಲಿ ಒಂದನ್ನು ಎತ್ತಿ ಅದಕ್ಕೆ ತೊಡಿಸಿಬಿಡಬಹುದು.

ನಾವು ಕೇಳಬೇಕಾದುದು

ಈ ಚರಿತ್ರೆ ನಮಗೇಕೆ ಬೇಕು ಎಂದು ವಾಚಕರು ಕೇಳಬಹುದು. ಭಾಷಾ ಮಾದರಿಗಳಿಗೆ ಈಗ ಕನ್ನಡವೂ ಬರುತ್ತದೆ. ಪರಭಾಷೆಯ ಊರಿನಲ್ಲಿ ನಮ್ಮ ತಾಯಂದಿರ ಕಣ್ಣಿನ ಪರೀಕ್ಷೆಯ ವರದಿ ತಿಳಿಗನ್ನಡದಲ್ಲಿ, ಕಾರಣಸಮೇತ ಕೈಗೆ ಬಂದರೆ ಅದು ಸಂತೋಷದ ಸಂಗತಿಯೇ. ಇಷ್ಟು ವರ್ಷ ಅರ್ಥವಾಗದ ಕಾಗದವನ್ನು ಮಡಿಸಿ ಚೀಲದಲ್ಲಿಟ್ಟುಕೊಂಡು ಬಂದವರಿಗೆ ಅದು ದೊಡ್ಡ ಉಪಕಾರ. ಆದರೆ ಮಾತು ನಮ್ಮದಾದಷ್ಟೂ ನಂಬಿಕೆ ಸುಲಭವಾಗುತ್ತದೆ, ಅಪಾಯವಿರುವುದೂ ಅಲ್ಲಿಯೇ. ವಾಕ್ಯದ ಅಂದ ನೋಡಿದವನ ಪ್ರಾಮಾಣಿಕತೆಗೆ ಜಾಮೀನಲ್ಲ.

ಅದಕ್ಕಾಗಿ ನಾವು ವಿಜ್ಞಾನಿಗಳಾಗಬೇಕಾಗಿಲ್ಲ. ಯಂತ್ರ ಕೊಟ್ಟ ಕಾರಣವನ್ನು ಮುಂದಿಟ್ಟಾಗ ವೈದ್ಯರನ್ನು ಒಂದೇ ಪ್ರಶ್ನೆ ಕೇಳಿದರೆ ಸಾಕು: "ಇಲ್ಲಿ ಚುಕ್ಕೆ ಇದೆಯಾದ್ದರಿಂದ ರೋಗವೆಂದು ಬರೆದಿದೆಯಲ್ಲ, ಈ ಚುಕ್ಕೆ ಇಲ್ಲದಿದ್ದರೆ ಯಂತ್ರ ಬೇರೆ ಮಾತು ಹೇಳುತ್ತಿತ್ತೇ? ಅದನ್ನು ಯಾರಾದರೂ ಪರೀಕ್ಷಿಸಿ ನೋಡಿದ್ದಾರೆಯೇ?" ಹೌದೆಂದರೆ ಆ ಕಾರಣಕ್ಕೆ ಬೆಲೆಯುಂಟು. ಇಲ್ಲವೆಂದರೆ, ವರದಿಯನ್ನು ತಳ್ಳಿಹಾಕುವುದು ಬೇಡ. ಚಿತ್ರವನ್ನು ಇನ್ನೊಬ್ಬ ನೇತ್ರವೈದ್ಯರ ಕಣ್ಣಿಗೂ ಹಾಕಿಸಿ, ಆಮೇಲೆ ಔಷಧದ ಮಾತು ಎತ್ತೋಣ.